ದೂರದ ಓಟವೂ ಕಾಲೇಜಿನ ಹೆಸರೂ

ದಾವಣಗೆರೆಯಲ್ಲಿ ಒಬ್ಬ ತರುಣನನ್ನು ಹೊಸದಾಗಿ ಕಂಡವರು ಅವನ ಊರನ್ನೂ ಮನೆತನವನ್ನೂ ವಿಚಾರಿಸಿಕೊಂಡ ಬಳಿಕ ತಪ್ಪದೆ ಕೇಳುವ ಪ್ರಶ್ನೆ, ‘ಯಾವ ಕಾಲೇಜು?’ ಎಂಬುದು. ಹತ್ತಿಯ ಗಿರಣಿಗಳಿಂದ ಕೀರ್ತಿಯನ್ನು ಪಡೆದು, ಆ ಗಿರಣಿಗಳ ಸದ್ದಡಗುವ ಮುನ್ನವೇ ವಿದ್ಯಾನಗರಿ ಎಂಬ ಎರಡನೆಯ ಕೀರ್ತಿಯನ್ನೂ ಸಂಪಾದಿಸಿಕೊಂಡ ಊರಿನಲ್ಲಿ ಈ ಪ್ರಶ್ನೆ ಸಹಜವಾದುದೇ ಸರಿ. ವೈದ್ಯನಾಗುವವನಿಗೆ, ಇಂಜಿನಿಯರಾಗುವವನಿಗೆ, ವಕೀಲನಾಗುವವನಿಗೆ ಓದಿದ ಸಂಸ್ಥೆಯ ಹೆಸರು ಆಜೀವ ಪರ್ಯಂತ ಬೆನ್ನಿಗಿರುವ ಬಲ. ಅದನ್ನು ಅಲ್ಲಗಳೆಯುವುದು ಲೋಕವ್ಯವಹಾರವನ್ನೇ ಅಲ್ಲಗಳೆದಂತೆ. ಆದರೆ ಐದು ಸಾವಿರ ಮೀಟರು, ಹತ್ತು ಸಾವಿರ ಮೀಟರು, ಗುಡ್ಡಗಾಡು ಓಟ, ಮ್ಯಾರಥಾನ್ ಇವುಗಳಲ್ಲಿ ತನ್ನ ಉಸಿರನ್ನೂ ಕಾಲನ್ನೂ ನಂಬಿ ಹೊರಟವನಿಗೆ ಈ ಪ್ರಶ್ನೆ ಎಷ್ಟರಮಟ್ಟಿಗೆ ಸಲ್ಲುತ್ತದೆ? ನಮ್ಮ ನಾಡಿನ ದೂರದ ಓಟಗಾರರು ಎಲ್ಲಿಂದ ಬಂದರು, ಯಾರ ಅನ್ನವನ್ನು ಉಂಡು ಯಾವ ನೆಲದಲ್ಲಿ ಓಡಿದರು ಎಂಬುದರ ಇತಿಹಾಸವನ್ನು ಪರ್ಯಾಲೋಚಿಸಿದಲ್ಲದೆ ಇದಕ್ಕೆ ಉತ್ತರ ದೊರೆಯಲಾರದು.

ದೂರ ಓಡುವುದು ನಮ್ಮಲ್ಲಿ ಕ್ರೀಡೆಯಾಗುವುದಕ್ಕೆ ಬಹು ಮೊದಲು ಒಂದು ವೃತ್ತಿಯಾಗಿತ್ತು. 1673ರಿಂದ 1704ರ ವರೆಗೆ ಮೈಸೂರನ್ನಾಳಿದ ಚಿಕ್ಕದೇವರಾಜ ಒಡೆಯರು ಏರ್ಪಡಿಸಿದ ಅಂಚೆಯ ವ್ಯವಸ್ಥೆಯು ಕಾಲಕ್ರಮದಲ್ಲಿ ಸಂಸ್ಥಾನದ ಉದ್ದಗಲಕ್ಕೂ ಹಬ್ಬಿ, ಚೀಲವನ್ನು ಹೆಗಲಿಗೇರಿಸಿ ಕಟ್ಟೆಯಿಂದ ಕಟ್ಟೆಗೆ ಓಡುವ ಒಂದು ಶ್ರಮಜೀವಿ ವರ್ಗವನ್ನೇ ನಿರ್ಮಿಸಿತು. ಅಂಚೆಯ ಅಧಿಕಾರಿಗಳು ಓಲೆಗಳನ್ನು ಮಾತ್ರವಲ್ಲದೆ ನಾಡಿನ ಗುಟ್ಟಿನ ವರ್ತಮಾನಗಳನ್ನೂ ಅರಮನೆಗೆ ಮುಟ್ಟಿಸಬೇಕಾಗಿತ್ತೆಂದು ಚರಿತ್ರಕಾರರು ಬರೆದಿದ್ದಾರೆ. ಆದರೆ ಆ ಓಲೆಗಳನ್ನೂ ವರ್ತಮಾನಗಳನ್ನೂ ಹೊತ್ತು ಬಿಸಿಲಲ್ಲಿ, ಕೆಸರಿನಲ್ಲಿ, ಕತ್ತಲೆಯಲ್ಲಿ ಓಡಿದವರ ಒಂದು ಹೆಸರನ್ನಾದರೂ ಬರೆದಿಟ್ಟವರು ವಿರಳ. ಮೈಸೂರು ಅಂಚೆಯು ಬ್ರಿಟಿಷ್ ಭಾರತದ ಅಂಚೆಯಲ್ಲಿ ಲೀನವಾದುದು 1889ರಲ್ಲಿ. ಬೆಂಗಳೂರಿನಿಂದ ಹೊರಟ ರೈಲುದಾರಿಯು ದಾವಣಗೆರೆಯನ್ನು ಹಾದು ತುಂಗಭದ್ರೆಯ ದಡದ ಹರಿಹರವನ್ನು ಮುಟ್ಟಿದುದೂ ಅದೇ ವರ್ಷ. ಕಾಲಿನ ಓಟದ ಪ್ರಯೋಜನವು ಹೀಗೆ ಒಮ್ಮೆಗೇ ಕುಗ್ಗಿತು. ಓಡಬಲ್ಲವರು ಹೊಲಕ್ಕೆ ಮರಳಿದರು, ಇಲ್ಲವೆ ದಂಡಿಗೆ ಸೇರಿದರು.

ದಾವಣಗೆರೆಗೂ ಹರಿಹರಕ್ಕೂ ನಡುವೆ ಇರುವ ಅಂತರ ಸುಮಾರು 14 ಕಿಲೋಮೀಟರು. ಈ ದಾರಿಯನ್ನು ಮೂರು ಬಾರಿ ಸವೆಸಿದರೆ ಮ್ಯಾರಥಾನ್ ಓಟದ 42 ಕಿಲೋಮೀಟರು ಹೆಚ್ಚುಕಡಮೆ ಪೂರ್ತಿಯಾಗುತ್ತದೆ. ಸಮುದ್ರಮಟ್ಟದಿಂದ ಸುಮಾರು 600 ಮೀಟರು ಎತ್ತರದ ಈ ಬಯಲುಸೀಮೆಯಲ್ಲಿ ಹೇಳಿಕೊಳ್ಳುವಂಥ ಏರಿಲ್ಲ, ಇಳಿತವಿಲ್ಲ. ಬೆಳಗಿನ ಜಾವ ತಂಪು, ಹತ್ತು ಗಂಟೆಯ ಮೇಲೆ ಉರಿ. ಓಟಕ್ಕೆ ಪ್ರಕೃತಿಯು ವಿಶೇಷವಾದ ಅನುಗ್ರಹವನ್ನೂ ಮಾಡಿಲ್ಲ, ವಿಶೇಷವಾದ ಅಡ್ಡಿಯನ್ನೂ ಒಡ್ಡಿಲ್ಲ. ಹಾಗಿರುವುದರಿಂದ ಇಲ್ಲಿನ ಓಟಗಾರನ ಉನ್ನತಿಯೂ ಅವನತಿಯೂ ಮನುಷ್ಯರು ಕಟ್ಟಿದ ಸಂಸ್ಥೆಗಳ ಗುಣದೋಷಗಳನ್ನೇ ಬಹುಮಟ್ಟಿಗೆ ಅವಲಂಬಿಸಿದೆ ಎಂದು ನನ್ನ ಎಣಿಕೆ.

ಕನ್ನಡನಾಡಿನ ದೂರದ ಓಟದ ಚರಿತ್ರೆಯಲ್ಲಿ ನಾವು ನಿಂತು ನೋಡಲೇಬೇಕಾದ ಮೊದಲ ದಿನ 1920ನೆಯ ಇಸವಿಯ ಆಗಸ್ಟ್ 22. ಅಂದು ಬೆಲ್ಜಿಯಂ ದೇಶದ ಆಂಟ್‌ವರ್ಪ್ ನಗರದಲ್ಲಿ, ಈಗಿನ ನಿಯತವಾದ ಅಂತರಕ್ಕಿಂತ ಅರ್ಧ ಕಿಲೋಮೀಟರಿಗೂ ಮಿಗಿಲಾಗಿ ಉದ್ದವಾಗಿದ್ದ 42.75 ಕಿಲೋಮೀಟರು ಹಾದಿಯಲ್ಲಿ ನಡೆದ ಒಲಿಂಪಿಕ್ ಮ್ಯಾರಥಾನಿನಲ್ಲಿ, ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಓಟವನ್ನು ಮುಗಿಸಿ ಹತ್ತೊಂಬತ್ತನೆಯವರಾಗಿ ಬಂದರು. ಅದೇ ತಂಡದಲ್ಲಿ ಸಾತಾರೆಯ ದಾತಾರರೂ, ಉತ್ತರ ಕನ್ನಡದ ಊರೊಂದರ ಹೆಸರನ್ನು ಉಪನಾಮವಾಗಿ ಹೊತ್ತ ಕೈಕಿಣಿ ಎಂಬ ಓಟಗಾರರೂ ಇದ್ದರು. ಇವರನ್ನು ಆ ಸಮುದ್ರಗಳಾಚೆಗೆ ಕಳುಹಿಸಿದ್ದು ಯಾವ ವಿಶ್ವವಿದ್ಯಾಲಯವೂ ಅಲ್ಲ. ಪುಣೆಯ ಡೆಕ್ಕನ್ ಜಿಮಖಾನದ ಅಧ್ಯಕ್ಷರಾಗಿದ್ದ ದೊರಾಬ್ಜಿ ಟಾಟಾರವರು, ಅಲ್ಲಿನ ಕ್ರೀಡಾಕೂಟಕ್ಕೆ ಬಂದ ಸ್ಪರ್ಧಿಗಳಲ್ಲಿ ಬಹುಮಂದಿ ಹೊಲದಲ್ಲಿ ದುಡಿಯುವ, ಬಡವರ ಊಟವನ್ನು ಉಣ್ಣುವ, ಪಂದ್ಯದ ನಿಯಮಗಳನ್ನೇ ಕೇಳರಿಯದ ರೈತರ ಮಕ್ಕಳೆಂಬುದನ್ನೂ, ಬರಿಗಾಲಿನಲ್ಲಿ ಓಡಿದ ಇವರ ವೇಗವು ಯುರೋಪಿನವರ ವೇಗದ ಪಕ್ಕದಲ್ಲಿ ನಿಲ್ಲಬಲ್ಲುದೆಂಬುದನ್ನೂ ಕಂಡು, ತಮ್ಮ ಸ್ವಂತ ಹಣವನ್ನೂ ಕೂಡಿಸಿ ಒಂದು ತಂಡವನ್ನು ಕಟ್ಟಿದರು.

ದೊರಾಬ್ಜಿಯವರು ಕೇಂಬ್ರಿಜ್ಜಿನಲ್ಲಿ ಓದಿದವರು. ಕ್ರೀಡೆಯ ರುಚಿಯನ್ನು ಅಲ್ಲಿಯೇ ಹತ್ತಿಸಿಕೊಂಡವರು. ಪ್ರತಿಷ್ಠಿತ ವಿದ್ಯಾಲಯವೊಂದು ಅವರಿಗೆ ಕೊಟ್ಟದ್ದು ಓಡುವ ಶಕ್ತಿಯನ್ನಲ್ಲ, ಓಡಬಲ್ಲವನನ್ನು ಗುರುತಿಸುವ ಕಣ್ಣನ್ನು ಮತ್ತು ಅವನನ್ನು ದೂರದೇಶಕ್ಕೆ ಕಳುಹಿಸಬಲ್ಲ ಸಾಮರ್ಥ್ಯವನ್ನು. ಅಂದಿನ ಓಟವನ್ನು ಗೆದ್ದ ಫಿನ್‌ಲೆಂಡಿನ ಹಾನೆಸ್ ಕೊಲೆಹ್ಮಾಯ್ನೆನ್ ಇಟ್ಟಿಗೆಯ ಗೋಡೆ ಕಟ್ಟುವ ಕೆಲಸ ಮಾಡಿದ್ದವನು. ಅವನು ತೆಗೆದುಕೊಂಡ ಕಾಲ 2 ಗಂಟೆ 32 ನಿಮಿಷ 35 ಸೆಕೆಂಡು. ಅವನಿಗೂ ಚೌಗುಲೆಯವರಿಗೂ ನಡುವೆ ಉಳಿದ ಹದಿನೆಂಟು ನಿಮಿಷಗಳ ಅಂತರವು ಕಾಲೇಜಿನ ಓದಿನ ಅಂತರವಲ್ಲ. ವರ್ಷಗಟ್ಟಲೆಯ ಕ್ರಮಬದ್ಧವಾದ ಅಭ್ಯಾಸ, ಸಮಬಲರೊಡನೆ ಮತ್ತೆ ಮತ್ತೆ ಓಡುವ ಅವಕಾಶ, ಹೊಟ್ಟೆತುಂಬ ಆಹಾರ ಇವುಗಳ ಅಂತರ. ಚೌಗುಲೆಯವರ ಹೆಸರನ್ನು ನಮ್ಮ ಶಾಲೆಗಳ ಪಠ್ಯದಲ್ಲಿ ಇನ್ನೂ ಹೆಚ್ಚು ಆದರದಿಂದ ಸ್ಮರಿಸಬೇಕಾಗಿತ್ತೆಂದು ನಾನು ಬಲವಾಗಿ ನಂಬಿದ್ದೇನೆ.

ಅದೇ 1920ರಲ್ಲಿ ಮದರಾಸಿನಲ್ಲಿ ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕದವರು ವೈ.ಎಂ.ಸಿ.ಎ. ಸಂಸ್ಥೆಯ ಆಶ್ರಯದಲ್ಲಿ ದೈಹಿಕ ಶಿಕ್ಷಣದ ಶಾಲೆಯನ್ನು ತೆರೆದರು. ದಕ್ಷಿಣ ಭಾರತದ ಹೈಸ್ಕೂಲುಗಳ ಬಯಲಿಗೆ ಡ್ರಿಲ್ ಮೇಷ್ಟರೆಂಬ ಮಹನೀಯರು ಬಂದುದರಲ್ಲಿ ಆ ಶಾಲೆಯ ಪಾಲು ಹಿರಿದು. ಸೀಟಿಯನ್ನು ಕೊರಳಿಗೆ ಕಟ್ಟಿಕೊಂಡು, ಸುಣ್ಣದ ಗೆರೆಯನ್ನು ತಾವೇ ಎಳೆದು, ಓಡಲು ಬಂದ ಹುಡುಗನ ಮನೆಯಲ್ಲಿ ಹಾಲುಂಟೋ ಇಲ್ಲವೋ ಎಂದು ವಿಚಾರಿಸಿಕೊಂಡ ಇಂಥ ಮೇಷ್ಟರ ಋಣವನ್ನು ನಮ್ಮ ಊರುಗಳು ಇನ್ನೂ ತೀರಿಸಿಲ್ಲ. ಶಾಲೆ ಚಿಕ್ಕದಾಗಿರಬಹುದು, ಹಂಚಿನ ಕಟ್ಟಡವಾಗಿರಬಹುದು. ಅಲ್ಲಿ ಇಂಥವರೊಬ್ಬರು ಇಪ್ಪತ್ತು ವರ್ಷ ನೆಲೆಯೂರಿ ನಿಂತರೆ ಸುತ್ತಣ ಹತ್ತು ಹಳ್ಳಿಗಳ ಮಕ್ಕಳು ಓಡಲು ಕಲಿಯುತ್ತಾರೆ. ಅವರು ವರ್ಗವಾಗಿ ಹೋದರೆ ಬಯಲಿನಲ್ಲಿ ಹುಲ್ಲು ಬೆಳೆಯುತ್ತದೆ.

ದಾವಣಗೆರೆಯು ಕಾಲೇಜುಗಳನ್ನು ಕಂಡುಕೊಂಡ ಬಗೆಯನ್ನು ಇಲ್ಲಿ ತುಸು ವಿವರವಾಗಿ ಹೇಳಬೇಕು. ಹೈದರಾಲಿಯು ಆಪೋಜಿರಾಮನೆಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟ ಈ ಊರಿಗೆ ಆ ಸರದಾರನು ವರ್ತಕರನ್ನು ಕರೆತಂದು ನೆಲೆಗೊಳಿಸಿದನೆಂದು ಗೆಝೆಟಿಯರುಗಳು ಹೇಳುತ್ತವೆ. ವ್ಯಾಪಾರದಿಂದ ಹತ್ತಿ, ಹತ್ತಿಯಿಂದ ಗಿರಣಿ, ಗಿರಣಿಯಿಂದ ಧನ, ಧನದಿಂದ ದಾನ, ದಾನದಿಂದ ವಿದ್ಯಾಲಯ ಎಂಬುದು ಇಲ್ಲಿನ ಕ್ರಮ. ಧರ್ಮಪ್ರಕಾಶ ರಾಜನಹಳ್ಳಿ ಮದ್ದೂರಾಯಪ್ಪನವರ ಹೆಸರಿನ ಡಿ.ಆರ್.ಎಂ. ಕಾಲೇಜು, ಬ್ರಹ್ಮಪ್ಪ ದೇವೇಂದ್ರಪ್ಪ ತವನಪ್ಪನವರ ಅವರ ಹೆಸರಿನಲ್ಲಿ 1951ರಲ್ಲಿ ಆರಂಭವಾದ ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜು, 1958ರಲ್ಲಿ ಹುಟ್ಟಿದ ಬಾಪೂಜಿ ವಿದ್ಯಾಸಂಸ್ಥೆ, 1965ರ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಇವೆಲ್ಲವೂ ಹೀಗೆ ಬೆಳೆದ ಫಲಗಳು. ಅದಕ್ಕೆ ಮೊದಲು ಪದವಿಯ ಓದಿಗಾಗಿ ಇಲ್ಲಿನ ಹುಡುಗನು ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೋ ಮೈಸೂರಿನ ಮಹಾರಾಜಾ ಕಾಲೇಜಿಗೋ ಹೋಗಬೇಕಿತ್ತು. ತುಂಗಭದ್ರೆಯ ಆಚೆಯ ದಡವು ಮುಂಬಯಿ ಪ್ರಾಂತಕ್ಕೆ ಸೇರಿದ್ದುದರಿಂದ ಹರಿಹರದ ಸೇತುವೆಯಾಚೆಯ ರಾಣೆಬೆನ್ನೂರಿನ ಹುಡುಗನು ಧಾರವಾಡದ ಕಡೆಗೆ ಮುಖಮಾಡುತ್ತಿದ್ದನು. ಒಂದೇ ನದಿಯ ನೀರು ಕುಡಿದವರು ಎರಡು ವಿಶ್ವವಿದ್ಯಾಲಯಗಳ ಪಾಲಾಗುತ್ತಿದ್ದರು.

ದಾನಿಗಳು ಕಟ್ಟಿದ ಈ ಕಾಲೇಜುಗಳ ಉಪಕಾರವನ್ನು ಮರೆಯುವುದು ಕೃತಘ್ನತೆ. ಆದರೆ ಅವುಗಳ ಪ್ರತಿಷ್ಠೆ ಬೆಳೆದುದು ರ‍್ಯಾಂಕುಗಳಿಂದ, ಪದವಿಗಳಿಂದ, ವಿದೇಶಕ್ಕೆ ಹೋದ ವೈದ್ಯರಿಂದ ಮತ್ತು ಇಂಜಿನಿಯರುಗಳಿಂದ. ವೈದ್ಯಕೀಯದ ವಿದ್ಯಾರ್ಥಿಯು ದಿನಕ್ಕೆ ಎರಡು ಹೊತ್ತು ಓಡಿ, ನಡುವೆ ಮಲಗಿ, ವಾರಕ್ಕೆ ನೂರು ಕಿಲೋಮೀಟರಿನ ಮೇಲೆ ಸವೆಸುವುದು ಅಸಾಧ್ಯವಲ್ಲದಿದ್ದರೂ ಅತಿ ಕಠಿನ. ಅದರಿಂದ ನಮ್ಮಲ್ಲಿ ದೂರದ ಓಟಗಾರರು ಹೆಚ್ಚಾಗಿ ಕಲಾ ಕಾಲೇಜುಗಳಲ್ಲಿ, ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ, ದೈಹಿಕ ಶಿಕ್ಷಣದ ಕಾಲೇಜುಗಳಲ್ಲಿ ಸೇರಿಕೊಂಡಿರುವುದು ಆಶ್ಚರ್ಯವಲ್ಲ. ಹೊತ್ತು ಮೂಡುವ ಮೊದಲು ದಾವಣಗೆರೆಯ ಹೈಸ್ಕೂಲ್ ಮೈದಾನದಲ್ಲಿಯೋ ಹರಿಹರದ ಗಾಂಧಿ ಮೈದಾನದಲ್ಲಿಯೋ ಓಡುವ ತರುಣರಲ್ಲಿ ಅನೇಕರ ಗುರಿ ಪದಕವೂ ಅಲ್ಲ. 1600 ಮೀಟರುಗಳನ್ನು ಆರೂವರೆ ನಿಮಿಷಗಳೊಳಗೆ ಮುಗಿಸಿ ಪೊಲೀಸ್ ಕಾನ್‌ಸ್ಟೇಬಲ್ ಆಗುವುದು, ಅಥವಾ ಐದೂವರೆ ನಿಮಿಷಗಳೊಳಗೆ ಮುಗಿಸಿ ಸೈನ್ಯದ ಭರ್ತಿಯಲ್ಲಿ ಪೂರ್ಣ ಅಂಕವನ್ನು ಪಡೆಯುವುದು. ಅಂಚೆಯ ಚೀಲವನ್ನು ಹೊತ್ತವರ ಕಾಲದಂತೆ ಈಗಲೂ ಬಡವನಿಗೆ ಓಟವು ಜೀವನೋಪಾಯದ ಬಾಗಿಲಾಗಿ ಉಳಿದಿದೆ. ಇದರಲ್ಲಿ ಹೀನವೆಂಬುದೇನೂ ಇಲ್ಲ.

ಈ ಊರಿನವರಿಗೆ ಪ್ರತಿಷ್ಠೆಯ ಇನ್ನೊಂದು ಅಳತೆಗೋಲೂ ಪರಿಚಿತವಾಗಿದೆ. ದಾವಣಗೆರೆಯು ಕುಸ್ತಿಯ ಊರು. ಎರಡು ವರ್ಷಗಳಿಗೊಮ್ಮೆ ನಡೆಯುವ ನಗರದೇವತೆ ದುಗ್ಗಮ್ಮನ ಜಾತ್ರೆಯ ಬಯಲು ಕುಸ್ತಿಗೆ ದೂರದೂರದ ಪೈಲವಾನರು ಬರುತ್ತಾರೆ. ಅಖಾಡಕ್ಕಿಳಿದವನನ್ನು ಕುರಿತು ಜನ ಕೇಳುವುದು ‘ಯಾವ ಕಾಲೇಜು’ ಎಂದಲ್ಲ, ‘ಯಾವ ಗರಡಿ, ಯಾರು ಉಸ್ತಾದರು’ ಎಂದು. ಗರಡಿಯ ಪ್ರತಿಷ್ಠೆಯು ಅದರ ಗೋಡೆಯಲ್ಲಿಲ್ಲ. ಅಲ್ಲಿ ಯಾರು ಯಾರಿಗೆ ಪಟ್ಟು ಕಲಿಸಿದರು, ಎಷ್ಟು ವರ್ಷ ಕಲಿಸಿದರು, ಶಿಷ್ಯನ ಖುರಾಕಿಗೆ ಯಾರು ಹಾಲು ಬಾದಾಮಿಗಳನ್ನು ಒದಗಿಸಿದರು ಎಂಬುದರಲ್ಲಿದೆ. ಗುರುಪರಂಪರೆಯಿಂದ ಹುಟ್ಟಿದ ಇಂಥ ಗೌರವವು ಓಟಕ್ಕೆ ನಮ್ಮಲ್ಲಿ ಇನ್ನೂ ಒದಗಿಲ್ಲ. ಪೈಲವಾನನಿಗೆ ಊರು ಬೆಳ್ಳಿಯ ಗದೆಯನ್ನು ಕೊಡುತ್ತದೆ, ಮೆರವಣಿಗೆ ಮಾಡಿಸುತ್ತದೆ. ಹತ್ತು ಸಾವಿರ ಮೀಟರು ಓಡಿ ಬಂದವನಿಗೆ ಒಂದು ಪ್ರಮಾಣಪತ್ರವನ್ನೂ ಪರೀಕ್ಷೆಯಲ್ಲಿ ಕೃಪಾಂಕವನ್ನೂ ಕೊಟ್ಟು ಸುಮ್ಮನಾಗುತ್ತದೆ.

ಕಾಲೇಜಿನ ಹೊರಗೂ ಓಟಗಾರನನ್ನು ಸಾಕಬಲ್ಲ ಸಂಸ್ಥೆಗಳಿದ್ದವು. ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು 1941ರಲ್ಲಿ ಸ್ಥಾಪಿತವಾಗಿ, ಲೇತ್ ಯಂತ್ರಗಳಿಗೆ ದೇಶದಲ್ಲೆಲ್ಲ ಹೆಸರಾಗಿ, ಹರಿಹರೇಶ್ವರನ ಕ್ಷೇತ್ರವೆಂದು ಪ್ರಸಿದ್ಧವಾಗಿದ್ದ ಊರನ್ನು ಕಾರ್ಮಿಕರ ಊರನ್ನಾಗಿಯೂ ಮಾಡಿತು. ಅದೇ 1941ರಲ್ಲಿ ಚೆಕೊಸ್ಲೊವಾಕಿಯದ ಝ್ಲಿನ್ ಎಂಬ ಊರಿನ ಬಾಟಾ ಪಾದರಕ್ಷೆಗಳ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಎಮಿಲ್ ಝಾಟೊಪೆಕ್ ಎಂಬ ಹುಡುಗನನ್ನು, ಅವನು ಒಲ್ಲೆನೆಂದರೂ ಬಿಡದೆ, ಕಾರ್ಖಾನೆಯವರು ಒಂದು ಓಟದ ಪಂದ್ಯಕ್ಕೆ ಇಳಿಸಿದರು. ಆ ಹುಡುಗನೇ 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಐದು ಸಾವಿರ, ಹತ್ತು ಸಾವಿರ ಮೀಟರುಗಳ ಓಟಗಳನ್ನೂ ಮ್ಯಾರಥಾನನ್ನೂ ಒಂದೇ ಕೂಟದಲ್ಲಿ ಗೆದ್ದವನು. ಕಾರ್ಖಾನೆಯ ದುಡಿಮೆಗಾರನಿಗೆ ಬಯಲು, ಬಿಡುವು, ಸಂಬಳ ಮೂರೂ ಕೂಡಿಬಂದಲ್ಲಿ ಅವನು ವಿಶ್ವವಿದ್ಯಾಲಯದ ಮೆಟ್ಟಿಲನ್ನು ಹತ್ತದೆಯೇ ಲೋಕವನ್ನು ಗೆಲ್ಲಬಲ್ಲನೆಂಬುದಕ್ಕೆ ಇದಕ್ಕಿಂತ ಮಿಗಿಲಾದ ನಿದರ್ಶನ ಬೇಕಿಲ್ಲ. ನಮ್ಮ ದೇಶದಲ್ಲಿಯೂ ಅಷ್ಟೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಹತ್ತು ಸಾವಿರ ಮೀಟರುಗಳನ್ನು 28 ನಿಮಿಷ 48.72 ಸೆಕೆಂಡುಗಳಲ್ಲಿ ಓಡಿ, ಮೂವತ್ತಕ್ಕೂ ಹೆಚ್ಚು ವರ್ಷ ಅಳಿಯದ ದಾಖಲೆಯನ್ನು ಬರೆದ ಹರಿಚಂದ್ ಕೇಂದ್ರ ಮೀಸಲು ಪೊಲೀಸ್ ಪಡೆಯವರು. 1978ರಲ್ಲಿ ಜಲಂಧರದಲ್ಲಿ 2 ಗಂಟೆ 12 ನಿಮಿಷಗಳಲ್ಲಿ ಮ್ಯಾರಥಾನ್ ಮುಗಿಸಿದ ಶಿವನಾಥ ಸಿಂಗ್ ಸೈನ್ಯದವರು. ಶಿವನಾಥರ ಆ ಕಾಲವು ದಶಕಗಳವರೆಗೆ ದೇಶದ ದಾಖಲೆಯಾಗಿ ಅಳಿಯದೆ ನಿಂತಿತು. ದಾವಣಗೆರೆಯ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದಾಗ, ಶತಮಾನದ ತಿರುವಿನಲ್ಲಿ ಹರಿಹರದ ಆ ದೊಡ್ಡ ಕಾರ್ಖಾನೆಯೂ ನಿಂತಾಗ, ಸಾವಿರಾರು ಸಂಸಾರಗಳ ಅನ್ನದೊಂದಿಗೆ, ಇಂಥ ಒಬ್ಬ ಓಟಗಾರನಿಗೆ ಆಶ್ರಯವಾಗಬಹುದಾಗಿದ್ದ ಒಂದು ನೆಲೆಯೂ ಈ ಸೀಮೆಯಿಂದ ಹೋಯಿತು.

ಹಾಗಾದರೆ ಪ್ರತಿಷ್ಠಿತ ವಿದ್ಯಾಲಯದಿಂದ ಓಟಗಾರನೇ ಬರಲಿಲ್ಲವೆ ಎಂದರೆ, ಬಂದದ್ದುಂಟು. ಒಂದು ಮೈಲಿಯನ್ನು ನಾಲ್ಕು ನಿಮಿಷಗಳೊಳಗೆ ಮೊದಲು ಓಡಿದ ರೋಜರ್ ಬ್ಯಾನಿಸ್ಟರರು ಆಕ್ಸ್‌ಫರ್ಡಿನಲ್ಲಿ ಓದಿದವರು; 1954ರ ಮೇ 6ರಂದು 3 ನಿಮಿಷ 59.4 ಸೆಕೆಂಡುಗಳ ಆ ಓಟವು ನಡೆದುದೂ ಆಕ್ಸ್‌ಫರ್ಡಿನ ಇಫ್ಲಿ ರಸ್ತೆಯ ಬಯಲಿನಲ್ಲೇ. ಆದರೆ ಆ ದಿನ ಅವರು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ವೈದ್ಯಶಾಸ್ತ್ರವನ್ನು ಕಲಿಯುತ್ತ, ಮಧ್ಯಾಹ್ನದ ಬಿಡುವಿನಲ್ಲಿ ಅಭ್ಯಾಸ ಮಾಡುತ್ತಿದ್ದವರು. ಅವರಿಗೆ ಮುಂದಾಗಿ ಓಡಿ ವೇಗವನ್ನು ಕಾಯ್ದುಕೊಟ್ಟ ಇಬ್ಬರಲ್ಲಿ ಬ್ರಾಶರರು ಕೇಂಬ್ರಿಜ್ಜಿನವರು, ಚಾಟವೇಯವರು ಆಕ್ಸ್‌ಫರ್ಡಿನವರು. ಹಳೆಯ ವಿಶ್ವವಿದ್ಯಾಲಯವು ಬ್ಯಾನಿಸ್ಟರರಿಗೆ ಕೊಟ್ಟ ಅತಿ ದೊಡ್ಡ ಸಂಪತ್ತೆಂದರೆ ಸರಿಸಮಾನರಾದ ಒಡನಾಡಿಗಳು. ಅದಕ್ಕೆ ಪ್ರತಿಯಾಗಿ ಕೀನ್ಯದ ಹೆನ್ರಿ ರೋನೊ ಎಂಬಾತನನ್ನು ನೋಡಿರಿ. ಗೋಧಿಯ ಹೊಲಗಳ ನಡುವಣ ಪುಲ್‌ಮನ್ ಎಂಬ ಸಣ್ಣ ಊರಿನ ವಾಷಿಂಗ್‌ಟನ್ ಸ್ಟೇಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಈತನು 1978ರಲ್ಲಿ 81 ದಿನಗಳೊಳಗೆ ನಾಲ್ಕು ವಿಶ್ವದಾಖಲೆಗಳನ್ನು ಮುರಿದನು. ಕೀನ್ಯದ ಇಟೆನ್ ಎಂಬ ಗುಡ್ಡದೂರಿನ ಸೇಂಟ್ ಪ್ಯಾಟ್ರಿಕ್ ಶಾಲೆಗೆ 1976ರಲ್ಲಿ ಭೂಗೋಳ ಕಲಿಸಲು ಬಂದ ಐರ್ಲೆಂಡಿನ ಕೋಮ್ ಓಕಾನೆಲ್ ಎಂಬ ಪಾದ್ರಿಸಂಘದ ಸೋದರರು, ಓಟದ ತರಬೇತಿಯಲ್ಲಿ ಯಾವ ಪದವಿಯನ್ನೂ ಪಡೆಯದಿದ್ದರೂ, ಅಲ್ಲಿಯೇ ನೆಲೆಸಿ ಒಲಿಂಪಿಕ್ ವಿಜೇತರನ್ನು ತಯಾರಿಸಿದರು. ಆ ಶಾಲೆಗೆ ಇಂದು ಲೋಕದಲ್ಲಿರುವ ಪ್ರತಿಷ್ಠೆಯು ಓಟಗಾರರಿಂದ ಶಾಲೆಗೆ ಬಂದದ್ದೇ ಹೊರತು ಶಾಲೆಯಿಂದ ಓಟಗಾರರಿಗೆ ಹೋದದ್ದಲ್ಲ.

ಇದೇ ಸಂಗತಿ ನಮ್ಮ ಕಣ್ಣೆದುರಿನಲ್ಲೂ ನಡೆದಿದೆ. ಮೂಡುಬಿದಿರೆಯ ಆಳ್ವಾಸ್ ಶಿಕ್ಷಣ ಪ್ರತಿಷ್ಠಾನವು ಹುಟ್ಟಿದ್ದು ಕಳೆದ ಶತಮಾನದ ಕೊನೆಯ ದಶಕದಲ್ಲಿ. ಕ್ರೀಡಾಪಟುಗಳನ್ನು ದತ್ತು ಸ್ವೀಕರಿಸಿ, ವಸತಿ, ಊಟ, ಓದು, ತರಬೇತಿ ಇವುಗಳನ್ನೆಲ್ಲ ಉಚಿತವಾಗಿ ಕೊಡುವ ಪದ್ಧತಿಯನ್ನು ಡಾ. ಮೋಹನ ಆಳ್ವರು ಅಲ್ಲಿ ಬೆಳೆಸಿದುದರಿಂದ, ಮಂಗಳೂರು ವಿಶ್ವವಿದ್ಯಾಲಯವು ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸಿನಲ್ಲಿಯೂ ಗುಡ್ಡಗಾಡು ಓಟದಲ್ಲಿಯೂ ನೂರು ವರ್ಷಗಳ ಹಳೆಯ ವಿಶ್ವವಿದ್ಯಾಲಯಗಳನ್ನು ಹಿಂದೆ ಹಾಕಿತು. 2020ರ ಜನವರಿಯಲ್ಲಿ ಆ ಅಥ್ಲೆಟಿಕ್ ಕೂಟವು ಮೂಡುಬಿದಿರೆಯ ಸ್ವರಾಜ್ಯ ಮೈದಾನದಲ್ಲಿಯೇ ನಡೆಯಿತು. ಉತ್ತರ ಭಾರತದ ಹಳ್ಳಿಗಳ ಓಟಗಾರರೂ ಕರಾವಳಿಯ ಆ ಸಣ್ಣ ಪಟ್ಟಣವನ್ನು ಹುಡುಕಿಕೊಂಡು ಬಂದರು. ಹೊರಗಿನ ಓಟಗಾರರನ್ನು ಕರೆತಂದು ಪದಕ ಗೆಲ್ಲುವುದು ಎಷ್ಟು ಸರಿ ಎಂದು ಆಕ್ಷೇಪಿಸುವವರೂ ಇದ್ದಾರೆ. ಆ ಆಕ್ಷೇಪದಲ್ಲಿ ತಿರುಳಿಲ್ಲವೆಂದು ನಾನು ಹೇಳೆನು. ಆದರೂ ತನ್ನ ಊರಿನಲ್ಲಿ ಎರಡು ಹೊತ್ತಿನ ಸರಿಯಾದ ಊಟವಿಲ್ಲದೆ ಓಟವನ್ನು ಬಿಡಬೇಕಾಗಿದ್ದ ಹುಡುಗನೋ ಹುಡುಗಿಯೋ ಅಲ್ಲಿ ಮೂರು ವರ್ಷ ನಿಶ್ಚಿಂತೆಯಿಂದ ಓಡಿ ರೈಲ್ವೆಯಲ್ಲಿಯೋ ಸೈನ್ಯದಲ್ಲಿಯೋ ಕೆಲಸಕ್ಕೆ ಸೇರುವಂತಾದರೆ, ಆ ಪುಣ್ಯವು ಆಕ್ಷೇಪಕ್ಕಿಂತ ತೂಕವಾದುದೆಂದೇ ನನ್ನ ಭಾವನೆ. ಹುಡುಗಿಯರ ವಿಷಯದಲ್ಲಿ ಇದು ಇಮ್ಮಡಿ ನಿಜ. ಒಲಿಂಪಿಕ್ಸಿನಲ್ಲಿ ಹೆಂಗಸರಿಗೆ ಮ್ಯಾರಥಾನ್ ಓಡಲು ಅವಕಾಶ ದೊರೆತದ್ದೇ 1984ರಲ್ಲಿ. ಬೆಳಗಿನ ಐದು ಗಂಟೆಗೆ ಹೆದ್ದಾರಿಯ ಅಂಚಿನಲ್ಲಿ ಒಬ್ಬಳೇ ಓಡಲಾರದ ಹುಡುಗಿಗೆ ಆವರಣಗೋಡೆಯೊಳಗಿನ ಬಯಲೊಂದು, ಜೊತೆಗೆ ಓಡುವ ನಾಲ್ವರು ಗೆಳತಿಯರು ಯಾವ ಹೆಸರುವಾಸಿ ಪದವಿಗಿಂತಲೂ ಹೆಚ್ಚಿನ ಬೆಲೆಯುಳ್ಳವು.

ಓಟ ಮುಗಿದ ಮೇಲಿನ ಬಾಳಿಗೆ ಕಾಲೇಜಿನ ಹೆಸರು ಬೇಕೆಂಬುದನ್ನೂ ಒಪ್ಪಬೇಕು. ದೂರದ ಓಟಗಾರನ ಉಚ್ಛ್ರಾಯ ಕಾಲ ಹೆಚ್ಚೆಂದರೆ ಹತ್ತು ಹನ್ನೆರಡು ವರ್ಷ. ಹಿಮ್ಮಡಿಯ ನರಕ್ಕೆ ಪೆಟ್ಟಾದರೆ ಅದೂ ಇಲ್ಲ. ಆಮೇಲಿನ ಮೂವತ್ತು ವರ್ಷ ಸಂಸಾರವನ್ನು ನಡೆಸುವುದು ಪದಕವಲ್ಲ, ಉದ್ಯೋಗ. ಕ್ರೀಡಾ ಮೀಸಲಿನ ನೌಕರಿಗಳು ಬೇಡುವವರಿಗಿಂತ ಬಹಳ ಕಡಮೆ. ಹೀಗಿರುವಲ್ಲಿ, ಓದನ್ನು ಪೂರ್ತಿ ಕೈಬಿಟ್ಟು ಓಡು ಎಂದು ಹೇಳುವ ತರಬೇತುದಾರನನ್ನೂ, ಓಟವನ್ನು ಬಿಟ್ಟು ಓದು ಎಂದು ಹೇಳುವ ಪ್ರಾಂಶುಪಾಲನನ್ನೂ ಸಮಾನವಾಗಿ ಅವಿವೇಕಿಗಳೆಂದು ಎಣಿಸಬೇಕಾಗುತ್ತದೆ.

2009ರಲ್ಲಿ ದಾವಣಗೆರೆಗೆ ತನ್ನದೇ ಆದ ವಿಶ್ವವಿದ್ಯಾಲಯ ದೊರೆತು, ತೋಳಹುಣಸೆಯ ಬಳಿಯ ಶಿವಗಂಗೋತ್ರಿಯ ವಿಶಾಲವಾದ ಬಯಲಿನಲ್ಲಿ ನೆಲೆಗೊಂಡಿದೆ. ಮೈಸೂರಿಗೂ ಆಮೇಲೆ ಕುವೆಂಪು ವಿಶ್ವವಿದ್ಯಾಲಯಕ್ಕೂ ಸೇರಿದ್ದ ಈ ಸೀಮೆಯ ಓಟಗಾರನು ಈಗ ತನ್ನ ಊರಿನ ಹೆಸರನ್ನೇ ಎದೆಯ ಮೇಲೆ ಧರಿಸಿ ಅಂತರ ವಿಶ್ವವಿದ್ಯಾಲಯ ಕೂಟಕ್ಕೆ ಹೋಗಬಲ್ಲನು. ಮಗನನ್ನೋ ಮಗಳನ್ನೋ ಸೇರಿಸಲು ಬರುವ ಹರಿಹರದ ಕಡೆಯ ರೈತನು ಅಲ್ಲಿಯ ಅಥವಾ ಇನ್ನಾವುದೇ ಕಾಲೇಜಿನ ಕಚೇರಿಯಲ್ಲಿ ವಿಚಾರಿಸಬೇಕಾದ ಸಂಗತಿಗಳು ಇವು: ದೈಹಿಕ ಶಿಕ್ಷಣದ ನಿರ್ದೇಶಕರು ಖಾಯಮ್ಮಾಗಿ ಇರುವವರೋ, ವರ್ಷಕ್ಕೊಮ್ಮೆ ಬದಲಾಗುವವರೋ, ಬಯಲಿನ ಬಾಗಿಲನ್ನು ಬೆಳಗ್ಗೆ ಐದಕ್ಕೆ ತೆರೆಯುವರೋ ಇಲ್ಲವೋ, ಸಂಜೆಯ ಅಭ್ಯಾಸ ಮುಗಿಸಿ ತಡವಾಗಿ ಬಂದವರಿಗೆ ಹಾಸ್ಟೆಲಿನಲ್ಲಿ ಅನ್ನ ಉಳಿದಿರುವುದೋ, ಗುಡ್ಡಗಾಡು ಓಟದ ದಿನವೇ ಸೆಮಿಸ್ಟರ್ ಪರೀಕ್ಷೆ ಬಂದರೆ ಬೇರೆ ದಿನ ಬರೆಯಲು ಬಿಡುವರೋ, ತಮ್ಮ ಮಗುವಿನಷ್ಟೇ ವೇಗವಾಗಿ ಓಡುವ ಇನ್ನೂ ಮೂವರು ನಾಲ್ವರು ಅಲ್ಲಿ ಇರುವರೋ. ಈ ಐದಕ್ಕೂ ಸಮಾಧಾನವಾದ ಉತ್ತರ ದೊರೆತಲ್ಲಿ, ಕಾಲೇಜು ಹೊಸದಾಗಿರಲಿ ಹಳೆಯದಾಗಿರಲಿ, ಹಳ್ಳಿಯ ಅಂಚಿನಲ್ಲಿರಲಿ ನಗರದ ನಡುವೆಯಿರಲಿ, ಅವನು ಶುಲ್ಕವನ್ನು ಕಟ್ಟಿ ಮಗುವನ್ನು ಅಲ್ಲಿಯೇ ಬಿಟ್ಟು ಬರಬಹುದು.